ಅತಿಥಿಯ ಊಟದ ಲೆಕ್ಕ

ಹಾನಗಲ್ಲ ಸೀಮೆಯವರಾದ ನಮಗೆ ಕೆರೆಯೂ ಕೊಕ್ಕರೆಯೂ ಹೊಸತಲ್ಲ. ಆದರೂ ಈ ಚಳಿಗಾಲದಲ್ಲೊಮ್ಮೆ ಸವಣೂರು, ಲಕ್ಷ್ಮೇಶ್ವರಗಳನ್ನು ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಮಕ್ಕಳೊಡನೆ ಹೋಗಿ ಬನ್ನಿರಿ. ನೀರಿನ ಮೇಲೆ ಸಾವಿರಾರು ಪಟ್ಟೆತಲೆ ಹೆಬ್ಬಾತುಗಳನ್ನು ಕಾಣುವಿರಿ: ಬೂದು ಮೈ, ಬಿಳಿಯ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್‌ಗಳಲ್ಲಿ ಮರಿಮಾಡಿ, ಹಿಮಾಲಯವನ್ನೇ ಹಾರಿ ದಾಟಿ ಬರುವ ಅತಿಥಿಗಳು ಅವು. ಈ ಕೆರೆಯು ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿದೆ.

ಹಕ್ಕಿಗಳು ವಿಶ್ರಮಿಸುವುದು ಕೆರೆಯಲ್ಲಿ. ಮೇಯುವುದು ಸುತ್ತಲಿನ ಹೊಲಗಳಲ್ಲಿ. ಕಡಲೆ, ಶೇಂಗಾ ಎಲ್ಲವೂ ರೈತನ ದುಡಿಮೆಯ ಫಲ. ದುರ್ಬೀನು ಹಿಡಿದು ಹಿಗ್ಗುವವರು ನಾವು, ಬೆಲೆ ತೆರುವವನು ಅವನು. ಊರವರ ಸಹನೆಯನ್ನು ಹೊಗಳುವುದು ನಮಗೆ ಸುಲಭ, ಹೊಲ ನಮ್ಮದಲ್ಲವಲ್ಲ! ಒಂದು ದಿನ ಬೇಸತ್ತು ಅವನು ಡಬ್ಬಿ ಬಾರಿಸಿ ಹಕ್ಕಿಗಳನ್ನು ಎಬ್ಬಿಸಿದರೆ, ಅವನನ್ನು ಕ್ರೂರಿಯೆನ್ನಲು ನಮಗೆ ಯಾವ ಅಧಿಕಾರವಿದೆ? ಇನ್ನೊಬ್ಬನ ನಷ್ಟದಿಂದ ದೊರೆತ ಸಂತೋಷಕ್ಕೆ ನಾವು ಋಣಿಗಳಲ್ಲವೇ?

ಹಿಂದಿರುಗುವಾಗ ಬದುವಿನ ಮೇಲೆ ನಿಂತವನನ್ನು ಮಾತನಾಡಿಸಿರಿ. ಈ ಸಲ ಪೀಕು ಎಷ್ಟು ಉಳಿಯಿತೆಂದು ಕೇಳಿರಿ. ಮನೆಗೆ ಬೇಕಾದ ಕಡಲೆಯನ್ನು ಅವನಲ್ಲಿಯೇ, ಚೌಕಾಸಿ ಮಾಡದೆ, ಕೊಂಡು ತನ್ನಿರಿ.