ಪ್ರೀತಿಯಿಂದ ಹೊಲಿದದ್ದು ವ್ಯರ್ಥವಾಗುವದೋ?



ಸುಗ್ಗಿ ತೀರಿ ಕಣವು ಬರಿದಾದ ಮೇಲೆ ನಮ್ಮ ಹಳ್ಳಿಗಳಲ್ಲಿ ಹೆಂಗಸರು ಮಧ್ಯಾಹ್ನದ ಹೊತ್ತಿನಲ್ಲಿ ಪಡಸಾಲೆಯ ತುಂಬ ಕೌದಿಯನ್ನು ಹಾಸಿಕೊಂಡು, ಸುತ್ತಲೂ ಕೂತು ಹೊಲಿಯುವದನ್ನು ನಾವೆಲ್ಲರೂ ನೋಡಿದ್ದೇವೆ. ಕೆಲವರು ಮನೆಯ ಅವಶ್ಯಕತೆಗೋಸ್ಕರ ಈ ಕೆಲಸವನ್ನು ಮಾಡುತ್ತಾರೆ. ಬೇರೆ ಕೆಲವರಾದರೋ ಮನೆಯಲ್ಲಿ ಹೊದಿಕೆಗೆ ಕೊರತೆಯಿಲ್ಲದಿದ್ದಾಗ್ಯೂ, ಕೈಯಲ್ಲಿ ಸೂಜಿಯಿಲ್ಲದೆ ಮನಸ್ಸು ನಿಲ್ಲದ ಕಾರಣ ಮಾಡುತ್ತಾರೆ. ಒಂದು ಕೂಸು ಹುಟ್ಟುವದೆಂದು ಕೇಳಿದ ಕೂಡಲೆ ಹಳೇ ಸೀರೆಯನ್ನು ಬಿಚ್ಚಿ ಕುಲಾವಿಗೂ ಅಂಗಿಗೂ ಅಳತೆ ಹಾಕುತ್ತಾರೆ. ಈ ಎರಡನೆಯವರ ವಿಷಯವಾಗಿ ನಾವು ಈ ಸಾರಿ ವಿಚಾರಿಸಬೇಕೆಂದಿದ್ದೇವೆ. ಅವಶ್ಯವಿಲ್ಲದೆ ಸಂತೋಷಕ್ಕಾಗಿ ಮಾಡುವ ಕೆಲಸವು ಒಳ್ಳೇದೋ, ಬರೀ ಕಾಲಹರಣವೋ? ಮತ್ತು ಯಾರಿಗಾಗಿ ಹೊಲಿದೆವೋ ಅವರಿಗೆ ಅದು ಮುಟ್ಟದೆ ಹೋದರೆ ಆ ದುಡಿಮೆಯು ಏನಾಯಿತು?

ಈ ಪ್ರಶ್ನೆಯನ್ನು ನಾವು ಪುಸ್ತಕದಿಂದ ತೆಗೆದುಕೊಂಡದ್ದಲ್ಲ. ಒಬ್ಬ ತಾಯಿಯು ನಮ್ಮನ್ನು ಕೇಳಿದಳು. ನಾವು ಹೋಗಿ ಬರುವ ಹಳ್ಳಿಗಳೊಂದರಲ್ಲಿ ಆಕೆ ಇರುತ್ತಾಳೆ. ಚೊಚ್ಚಲ ಬಸುರಿಯಾಗಿದ್ದಾಗ ಆಕೆಯು ಹೊಲದ ಕೆಲಸ ಮುಗಿದ ಮೇಲೆ ದಿನಾಲೂ ಕೂತು ಐದು ಅಂಗಿ, ಎರಡು ಕುಲಾವಿ, ಒಂದು ಕುಂಚಿಗೆ, ಒಂದು ಚಿಕ್ಕ ಕೌದಿ ಇಷ್ಟನ್ನು ಹೊಲಿದಿಟ್ಟಳು. ಒಂದು ದಿನ ನಾವು ಆ ಮನೆಗೆ ಹೋಗಿದ್ದಾಗ ಇದನ್ನು ಕಂಡು, “ಇಷ್ಟೆಲ್ಲಾ ಯಾತಕ್ಕಮ್ಮಾ? ಸಂತೆಯಲ್ಲಿ ಅಗ್ಗವಾಗಿ ಸಿಕ್ಕುತ್ತವಲ್ಲಾ” ಎಂದು ಅಂದೆವು. ಅದು ಆಲೋಚಿಸಿ ಆಡಿದ ಮಾತಲ್ಲ. ಆದರೆ ಬಾಯಿಂದ ಹೊರಟ ಮೇಲೆ ಮಾತು ಮಾತೇ. ಆಷಾಢದಲ್ಲಿ ಕೂಸು ಹುಟ್ಟಿತು. ಒಂಭತ್ತನೆಯ ದಿನ ತೀರಿಹೋಯಿತು. ಹೊಲಿದದ್ದೆಲ್ಲಾ ಪೆಟ್ಟಿಗೆಯೊಳಗೆ ಹೋಯಿತು. ಒಂದು ವರುಷದ ತರುವಾಯ ಆಕೆ ನಮ್ಮನ್ನು ಬಾಗಿಲಲ್ಲಿ ನಿಲ್ಲಿಸಿ, “ಅಯ್ಯನವರೇ, ಆವತ್ತು ನೀವು ಅಂದದ್ದೇ ನಿಜವಾಯಿತೋ? ನಾನು ಹೊಲಿದದ್ದೆಲ್ಲಾ ಸುಮ್ಮನೆಯೋ?” ಎಂದು ಕೇಳಿದಳು. ಆ ದಿನ ನಮ್ಮಲ್ಲಿ ಉತ್ತರವಿರಲಿಲ್ಲ. ಆದಕಾರಣವೇ ಇದನ್ನು ಬರೆಯುತ್ತೇವೆ.

ಮೊದಲು ಎದುರು ಮಾತನ್ನು ಆಡುವವರ ವಾದವನ್ನು ನ್ಯಾಯವಾಗಿ ಕೇಳೋಣ. ಯಂತ್ರವು ಒಂದು ಗಳಿಗೆಯಲ್ಲಿ ಮಾಡುವದನ್ನು ಕೈಯಿಂದ ನಾಲ್ಕು ದಿನ ಮಾಡುವದು ಬುದ್ಧಿಯೋ ಎಂದು ಅವರು ಕೇಳುತ್ತಾರೆ. ಅಮೇರಿಕಾ ದೇಶದಲ್ಲಿ ಇಲಾಯಸ್ ಹೋವ್ ಎಂಬವನು ೧೮೪೬ರಲ್ಲಿಯೂ ಐಸಾಕ್ ಸಿಂಗರ್ ಎಂಬವನು ೧೮೫೧ರಲ್ಲಿಯೂ ಹೊಲಿಗೆಯ ಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದಂದಿನಿಂದ ಲೋಕದ ಉಡುಪೇ ಬದಲಾಯಿತು. ಯಂತ್ರಗಳನ್ನು ಸುಲಭವಾಗಿ ಒಪ್ಪದ ಗಾಂಧಿಯವರು ಸಹ ೧೯೨೪ರಲ್ಲಿ ಈ ವಿಷಯವಾಗಿ ಮಾತಾಡುವಾಗ ಸಿಂಗರ್ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿಯು ಬೇಸತ್ತು ಹೊಲಿಯುವದನ್ನು ಕಂಡ ಗಂಡನು ಪ್ರೀತಿಯಿಂದ ಅದನ್ನು ಕಲ್ಪಿಸಿದನೆಂಬದೇ ಅವರು ಹೇಳಿದ ಕಾರಣವಾಗಿತ್ತು. ಹೀಗಿರಲಾಗಿ ಯಂತ್ರದಲ್ಲಿ ಹೊಲಿದ ಬಟ್ಟೆಯನ್ನು ಹೀನವೆಂದು ಹೇಳುವದು ನಮಗೆ ಸಲ್ಲದು. ಅದಲ್ಲದೆ ಸಂತೆಯ ಅಂಗಿಯು ಯಂತ್ರದಿಂದ ತಾನೇ ಉದುರಿ ಬೀಳುವದಿಲ್ಲ. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಲಕ್ಷಾಂತರ ಜನರು ದುಡಿಯುತ್ತಾರೆ, ಅವರಲ್ಲಿ ಹೆಂಗಸರೇ ಹೆಚ್ಚು; ಒಬ್ಬಳು ತೋಳನ್ನು ಮಾತ್ರ ಕೂಡಿಸುತ್ತಾಳೆ, ಇನ್ನೊಬ್ಬಳು ಕೊರಳಪಟ್ಟಿಯನ್ನು ಮಾತ್ರ ಹಚ್ಚುತ್ತಾಳೆ. ಪ್ರತಿಯೊಂದು ಹೊಲಿಗೆಯ ಕೆಳಗೆ ಯಾರದೋ ಬೆರಳು ಬಟ್ಟೆಯನ್ನು ಸರಿಸಿಯೇ ಇರುತ್ತದೆ. ಆಕೆಯ ಮನೆಯಲ್ಲಿಯೂ ಮಕ್ಕಳುಂಟು. ಆದದರಿಂದ ಕೊಂಡ ಅಂಗಿಗೆ ಪ್ರೀತಿಯಿಲ್ಲ, ಹೊಲಿದ ಅಂಗಿಗೆ ಮಾತ್ರ ಪ್ರೀತಿಯುಂಟು ಎಂದು ಯಾರೂ ಜಂಬ ಕೊಚ್ಚಬಾರದು.

ಹಾಗಾದರೆ ಕೈಹೊಲಿಗೆಯಲ್ಲಿ ವಿಶೇಷವೇನು? ಅದೇನಂದರೆ, ಕಾರ್ಖಾನೆಯಲ್ಲಿ ಹೊಲಿಯುವವಳು ಆ ಕೂಸು ಯಾರದೆಂದು ಅರಿಯಳು. ಮನೆಯಲ್ಲಿ ಹೊಲಿಯುವವಳು ಅರಿತಿರುತ್ತಾಳೆ. ಎಳೇ ಕೂಸಿನ ಅಂಗಿಯನ್ನು ತಿಳಿದವರು ಹೇಗೆ ಹೊಲಿಯುತ್ತಾರೆಂಬದನ್ನು ನೋಡಿರಿ. ಹೊಸ ಬಟ್ಟೆಯಲ್ಲಿ ಗಂಜಿಯುಂಟು, ಒರಟುಂಟು. ಆದಕಾರಣ ಅನೇಕ ಸಾರಿ ಒಗೆದು ಮೆತ್ತಗಾದ ಹತ್ತಿಯ ಸೀರೆಯನ್ನು ಆರಿಸುತ್ತಾರೆ. ಕೂಸಿನ ತಲೆ ದೊಡ್ಡದು, ಕತ್ತಿಗೆ ಬಲವಿಲ್ಲ. ಆದಕಾರಣ ತಲೆಯ ಮೇಲಿಂದ ಎಳೆಯದ ಹಾಗೆ ಮುಂದೆ ತೆರೆದಿಡುತ್ತಾರೆ. ಗುಂಡಿಯು ಕಿತ್ತು ಬಾಯಿಗೆ ಹೋದೀತೆಂದು ಅದರ ಬದಲಾಗಿ ಕಸೆಯನ್ನು ಕಟ್ಟುತ್ತಾರೆ. ಹೊಲಿಗೆಯ ಅಂಚು ಎಳೇ ಮೈಗೆ ಒತ್ತದಂತೆ ಅದನ್ನು ಹೊರಗಡೆಗೆ ತಿರುಗಿಸುತ್ತಾರೆ. ತುಸು ದೊಡ್ಡ ಮಗುವಿನದಾದರೆ, ಬರುವ ವರುಷ ಬಿಚ್ಚಿ ಉದ್ದ ಮಾಡುವದಕ್ಕೆ ಕೆಳಗೆ ಎರಡು ಬೆರಳು ಮಡಿಕೆಯನ್ನು ಒಳಗಿಡುತ್ತಾರೆ. ಇದರಿಂದ ನಾವು ತಿಳಿದುಕೊಳ್ಳತಕ್ಕದ್ದೇನಂದರೆ, ಆ ಕೈಗಳಿಗೆ ಸಂತೋಷವಾಗುತ್ತದೆಂಬದು ನಿಜ. ಆದರೆ ಆ ಸಂತೋಷದ ನಡುವೆ ಯಾವಾಗಲೂ ಇನ್ನೊಬ್ಬರ ಮೈ ಇರುತ್ತದೆ. ಜೂಜಿನ ಸಂತೋಷವು ಆಡುವವನಲ್ಲಿಯೇ ಹುಟ್ಟಿ ಅವನಲ್ಲಿಯೇ ಸಾಯುವದು. ಇದಾದರೋ ಹುಟ್ಟಿದ ಕೂಡಲೆ ಮತ್ತೊಬ್ಬರ ಕಡೆಗೆ ಹೊರಟು ನಿಲ್ಲುವದು. ಒಂದು ಹವ್ಯಾಸವು ಒಳ್ಳೇದೋ ಕೆಟ್ಟದ್ದೋ ಎಂದು ನೋಡುವದಕ್ಕೆ ಇದಕ್ಕಿಂತ ಸುಲಭವಾದ ಒರೆಗಲ್ಲನ್ನು ನಾವು ಕಾಣೆವು.

ಕೌದಿಯ ಸಂಗತಿಯು ಇನ್ನೂ ಆಳವಾದದ್ದು. ಆರು ಅಡಿ ಉದ್ದ ನಾಲ್ಕು ಅಡಿ ಅಗಲದ ಒಂದು ಕೌದಿಯನ್ನು ಸಾಲಿನಿಂದ ಸಾಲಿಗೆ ಮುಕ್ಕಾಲು ಅಂಗುಲ ಬಿಟ್ಟು ಹೊಲಿದರೆ, ಆ ಸಾಲುಗಳೆಲ್ಲಾ ಕೂಡಿ ೩೮೪ ಅಡಿಯಾಗುವವು. ಅಂಗುಲಕ್ಕೆ ಮೂರು ಹೊಲಿಗೆಯೆಂದರೂ ಸೂಜಿಯು ೧೩,೦೦೦ಕ್ಕೆ ಮಿಕ್ಕಿ ಏಳಬೇಕು. ಇಷ್ಟು ಶ್ರಮವನ್ನು ಯಾವ ಬಟ್ಟೆಯ ಮೇಲೆ ಹಾಕುತ್ತಾರೆ? ಅಜ್ಜಿಯ ಇಳಕಲ್ಲ ಸೀರೆಯ ಸೆರಗು, ಅಪ್ಪನ ಹರಿದ ಧೋತರ, ತಮ್ಮನಿಗೆ ಸಣ್ಣದಾದ ಅಂಗಿ, ಹೀಗೆ ಬಿಸಾಡತಕ್ಕದ್ದೆಂದು ಲೋಕವು ಎಣಿಸಿದ ತುಂಡುಗಳ ಮೇಲೆಯೇ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಗಳಲ್ಲಿ ಸಿದ್ದಿ ಜನರಿದ್ದಾರೆ. ಅವರ ಪೂರ್ವಿಕರು ಆಫ್ರಿಕಾ ಖಂಡದಿಂದ ಬಂದವರು. ೨೦೦೩ರಲ್ಲಿ ಸರಕಾರವು ಅವರನ್ನು ಪರಿಶಿಷ್ಟ ಪಂಗಡಗಳಲ್ಲಿ ಸೇರಿಸಿತು. ಅವರೊಳಗೆ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಉಂಟು. ಆದರೆ ಕೌದಿಯನ್ನು ಹೊಲಿಯುವ ಕೈ ಎಲ್ಲರದೂ ಒಂದೇ. ಅವರ ಸ್ತ್ರೀಯರು ಅಂಚಿನಿಂದ ಆರಂಭಿಸಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮಡಿಚಿ ಮೂಲೆಗೂಡಿಸಿ ಹೂವೆಂಬ ಅರ್ಥದಿಂದ ‘ಫೂಲ’ ಎಂದು ಕರೆಯುವ ತುಂಡುಗಳನ್ನು ಇಡುತ್ತಾರೆ. ಹೂವಿಲ್ಲದ ಕೌದಿಯು ಚಳಿಯನ್ನು ತಡೆಯದೋ? ಚೆನ್ನಾಗಿ ತಡೆಯುವದು. ಆದರೂ ಹೂವಿಲ್ಲದಿದ್ದರೆ ಕೌದಿಯು ಬತ್ತಲೆಯೆಂದು ಅವರು ಎಣಿಸುತ್ತಾರೆ. ಬಡತನವನ್ನು ಬಲ್ಲವರೇ ಹೀಗೆ ಎಣಿಸಿದ ಮೇಲೆ, ಅವಶ್ಯಕತೆಗೆ ಮೀರಿದ್ದೆಲ್ಲಾ ಶ್ರೀಮಂತರ ಚಟವೆಂದು ನಾವು ಹೇಗೆ ಹೇಳೋಣ?

ಆದಾಗ್ಯೂ ಈ ಕೆಲಸದಲ್ಲಿ ಅಪಾಯಗಳೂ ಉಂಟು. ಅವನ್ನು ಮುಚ್ಚಿಡುವದು ಸರಿಯಲ್ಲ. ಮೊದಲನೆಯದು, ಕೊಟ್ಟ ಮೇಲೆಯೂ ಬಿಡದಿರುವದು. “ನಾನು ಹೊಲಿದ ಅಂಗಿಯನ್ನು ಮಗುವಿಗೆ ಯಾಕೆ ತೊಡಿಸಲಿಲ್ಲ?” ಎಂದು ಸೊಸೆಯನ್ನು ಪೀಡಿಸುವ ಅತ್ತೆಯು ಅಂಗಿಯನ್ನು ಕೊಡಲಿಲ್ಲ, ಸಾಲವನ್ನು ಕೊಟ್ಟಳು. ಎರಡನೆಯದು, ಹೂವನ್ನು ಹೊಲಿಯುತ್ತಾ ಕೂತು ಅಳುವ ಕೂಸನ್ನು ಮರೆಯುವದು. ಯಾರಿಗೋಸ್ಕರ ಸೂಜಿಯನ್ನು ಹಿಡಿದೆವೋ ಅವರನ್ನೇ ಸೂಜಿಗಾಗಿ ಬಿಟ್ಟಂತಾಯಿತು. ಮೂರನೆಯದು ನೋಡುವವರ ತಪ್ಪು. ಒಬ್ಬಳು ಸಂತೋಷದಿಂದ ಹೊಲಿಯುತ್ತಾಳೆಂದು ಊರವರೆಲ್ಲಾ ತಮ್ಮ ತಮ್ಮ ಹಳೇ ಬಟ್ಟೆಯ ಗಂಟನ್ನು ಆಕೆಯ ಮನೆಯಲ್ಲಿ ಇಳಿಸಿ, ಕೂಲಿಯ ಮಾತೆತ್ತದೆ ಕೌದಿಯನ್ನು ಒಯ್ಯುವದು ಅನ್ಯಾಯವು. ಸಂತೋಷವು ಆಕೆಯದು, ಅದನ್ನು ನೆವಮಾಡಿ ದುಡಿಮೆಯನ್ನು ಕಸಿಯುವ ಹಕ್ಕು ನಮಗಿಲ್ಲ. ನಾಲ್ಕನೆಯದು, ಇದು ಹೆಂಗಸರ ಕೆಲಸವೆಂದು ಗಂಡಸರು ದೂರ ನಿಲ್ಲುವದು. ನಮ್ಮ ಸಂತೆಗಳಲ್ಲಿ ಹೊಲಿಯುವ ಸಿಂಪಿಗರು ಗಂಡಸರೇ ಅಲ್ಲವೋ? ಹಣಕ್ಕಾಗಿ ಸೂಜಿಯನ್ನು ಹಿಡಿದರೆ ಕುಂದಿಲ್ಲ, ಮಗುವಿಗಾಗಿ ಹಿಡಿದರೆ ಕುಂದು ಎಂಬ ನ್ಯಾಯವು ಎಲ್ಲಿಯದು?

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಹನ್ನಳ ಸಂಗತಿಯು ನಿಮಗೆ ಗೊತ್ತುಂಟು. ಆಕೆಯು ಮಗನಾದ ಸಮುವೇಲನನ್ನು ದೂರದಲ್ಲಿ ಬಿಟ್ಟು ಬಂದಳು. ವರುಷಕ್ಕೊಂದು ಸಾರಿ ಹೋಗುವಾಗ ಅವನಿಗೆ ಒಂದು ಚಿಕ್ಕ ನಿಲುವಂಗಿಯನ್ನು ಮಾಡಿಕೊಂಡು ಹೋಗುತ್ತಿದ್ದಳು. ಮಗನು ಕಣ್ಣೆದುರಿಗೆ ಇಲ್ಲದಾಗ ಅಳತೆಯನ್ನು ಹೇಗೆ ಹಿಡಿದಳು? ಈ ವರುಷದಲ್ಲಿ ಇಷ್ಟು ಬೆಳೆದಿರಬೇಕೆಂದು ಮನಸ್ಸಿನಲ್ಲಿಯೇ ಎಣಿಸಿರಬೇಕಲ್ಲವೇ. ಹಾಗೆ ಎಣಿಸಿದ ದಿನಗಳಲ್ಲೆಲ್ಲಾ ಮಗನು ಆಕೆಯ ಹತ್ತರವೇ ಇದ್ದನು. ಹುಟ್ಟದ ಕೂಸಿಗೆ ಹೊಲಿಯುವ ತಾಯಿಯದೂ ಇದೇ ರೀತಿಯು. ನಾವು ಆಕೆಗೆ, “ಅಮ್ಮಾ, ನಷ್ಟವು ನಷ್ಟವೇ; ಅದನ್ನು ಲಾಭವೆಂದು ಹೇಳಿ ನಿನ್ನನ್ನು ಮೋಸಗೊಳಿಸೆವು. ಆದರೆ ನಾವು ಆವತ್ತು ಅಂದದ್ದು ನಿಜವಲ್ಲ” ಎಂದು ಹೇಳಿದೆವು. ಯಾಕಂದರೆ ಅಂಗಿಯ ಬೆಲೆಯೆಲ್ಲಾ ತೊಡುವದರಲ್ಲಿಯೇ ಇದ್ದಿದ್ದರೆ, ತೊಡದೆ ಹೋದ ಅಂಗಿಯು ವ್ಯರ್ಥವೇ ಸರಿ. ಆದರೆ ಆ ಕೂಸು ಹೊಟ್ಟೆಯಲ್ಲಿದ್ದಾಗಲೇ ಜೀವವಾಗಿತ್ತು. ತಾಯಿಯ ಪ್ರೀತಿಯು ಅದಕ್ಕೆ ಆಗಲೇ ಸಲ್ಲತಕ್ಕದ್ದಾಗಿತ್ತು. ಆಕೆಯು ಸಂಜೆ ಸಂಜೆಗೂ ಅದನ್ನು ಸಲ್ಲಿಸಿದಳು. ಕೊಡತಕ್ಕ ಋಣವನ್ನು ತಕ್ಕ ಕಾಲದಲ್ಲಿ ಕೊಟ್ಟ ಮೇಲೆ, ಪಡೆದವನು ಮರುದಿನ ತೀರಿಕೊಂಡರೆ ಕೊಟ್ಟದ್ದು ಸುಳ್ಳಾಗುವದೋ? ಆ ಕೂಸಿಗೆ ಒಂಭತ್ತು ದಿನಗಳು ಮಾತ್ರ ದೊರೆತವು. ಆದರೆ ಪ್ರೀತಿಯಲ್ಲಿ ಅದಕ್ಕೆ ಬಾಕಿ ಉಳಿಯಲಿಲ್ಲ.

ಪೆಟ್ಟಿಗೆಯಲ್ಲಿದ್ದ ಬಟ್ಟೆಯನ್ನು ಏನು ಮಾಡತಕ್ಕದ್ದು ಎಂಬದೇ ಉಳಿದ ಪ್ರಶ್ನೆಯಾಗಿತ್ತು. ಸುಟ್ಟುಬಿಡೆಂದು ಕೆಲವರು, ಅದು ಅಪಶಕುನದ ಬಟ್ಟೆ, ಯಾರಿಗೂ ಕೊಡಬೇಡವೆಂದು ಕೆಲವರು, ಬಡವರಿಗೆ ಕೂಡಲೆ ಕೊಟ್ಟುಬಿಡೆಂದು ಇನ್ನು ಕೆಲವರು ಹೇಳಿದರು. ಅಪಶಕುನವೆಂಬದನ್ನು ನಾವು ನಂಬುವವರಲ್ಲ. ಆದರೆ ದಾನ ಮಾಡೆಂದು ಅವಸರಪಡಿಸುವದೂ ದಯೆಯಲ್ಲವೆಂದು ತಿಳಿದು ಸುಮ್ಮನಿದ್ದೆವು. ಇನ್ನೊಬ್ಬರ ದುಃಖದ ಪೆಟ್ಟಿಗೆಗೆ ನಾವು ಬೀಗದ ಕೈ ಇಟ್ಟುಕೊಳ್ಳಕೂಡದು. ಎರಡು ವರುಷಗಳಾದ ಮೇಲೆ ಮಾಗಿಯ ಚಳಿಯಲ್ಲಿ ಕಬ್ಬು ಕಡಿಯುವದಕ್ಕೆ ಬಂದ ಗುಂಪಿನವರ ಗುಡಿಸಲಲ್ಲಿ ಒಬ್ಬಳು ಹೆತ್ತಳು. ಈ ತಾಯಿಯು ಯಾರಿಗೂ ಹೇಳದೆ ಪೆಟ್ಟಿಗೆಯನ್ನು ತೆರೆದು ಗಂಟು ಕಟ್ಟಿಕೊಂಡು ಹೊಲಕ್ಕೆ ಹೋದಳು. ಗಂಟನ್ನು ಬಿಚ್ಚುವದಕ್ಕಿಂತ ಮುಂಚೆ, “ಇವು ನನ್ನ ಕೂಸಿಗೆ ಹೊಲಿದವು, ಅದು ಉಳಿಯಲಿಲ್ಲ. ನೀನು ಬೇಡವೆಂದರೆ ನನಗೆ ಸಿಟ್ಟಿಲ್ಲ” ಎಂದಳಂತೆ. ಆ ಹೆಂಗಸು ಒಂದು ಗಳಿಗೆ ಸುಮ್ಮನಿದ್ದು, ಕೈ ಚಾಚಿ ಕೌದಿಯನ್ನು ತೆಗೆದುಕೊಂಡಳು.

ಪ್ರಿಯರೇ, ಬಟ್ಟೆಯನ್ನು ಕೊಟ್ಟದ್ದಕ್ಕಿಂತಲೂ ಮೊದಲು ನಿಜವನ್ನು ಹೇಳಿದ್ದು ದೊಡ್ಡದೆಂದು ನಾವು ಎಣಿಸುತ್ತೇವೆ. ಸಂಗತಿಯನ್ನು ಮರೆಮಾಡಿ ಕೊಟ್ಟಿದ್ದರೆ, ಒಲ್ಲೆನೆನ್ನುವ ಸ್ವಾತಂತ್ರ್ಯವನ್ನು ಆ ಬಡವಳಿಂದ ಕಸಿದುಕೊಂಡಂತೆ ಆಗುತ್ತಿತ್ತು. ಬಡವರಿಗೂ ಒಲ್ಲೆನೆನ್ನುವ ಹಕ್ಕುಂಟು. ಅದನ್ನು ಉಳಿಸಿ ಕೊಟ್ಟದ್ದೇ ದಾನವು. ಯೊಪ್ಪ ಪಟ್ಟಣದ ದೊರ್ಕಳು ತೀರಿಕೊಂಡಾಗ ವಿಧವೆಯರು ಆಕೆ ಹೊಲಿದುಕೊಟ್ಟ ಅಂಗಿಗಳನ್ನು ಅಳುತ್ತಾ ತೋರಿಸಿದರೆಂದು ಓದುತ್ತೇವೆ. ಹೊಲಿದವಳು ಹೋದರೆ ಬಟ್ಟೆಯು ಉಳಿಯುತ್ತದೆ. ತೊಡುವವನು ಹೋದರೂ ಬಟ್ಟೆಯು ಉಳಿಯುತ್ತದೆ. ಉಳಿದದ್ದು ಮತ್ತೊಬ್ಬರ ಮೈಯನ್ನು ಬೆಚ್ಚಗೆ ಮಾಡುವದೋ ಇಲ್ಲವೋ ಎಂಬದು ಉಳಿದವರ ಕೈಯಲ್ಲಿದೆ.

ಐದು ಅಂಗಿಗಳಲ್ಲಿ ಒಂದನ್ನು ಆಕೆಯು ಕೊಡದೆ ತನ್ನಲ್ಲಿಯೇ ಇಟ್ಟುಕೊಂಡಳು. ಅದನ್ನು ಲೋಭವೆಂದು ಯಾರೂ ಅನ್ನಬಾರದು.

ಈಗ ಆಕೆಯ ಪಡಸಾಲೆಯಲ್ಲಿ ಪುನಃ ಒಂದು ಚಿಕ್ಕ ಕೌದಿಯು ಹಾಸಿದೆ. ಯಾರಿಗೆಂದು ನಾವು ಕೇಳಲಿಲ್ಲ. ಸಂತೆಯ ಬೆಲೆಯ ಮಾತನ್ನೂ ಎತ್ತಲಿಲ್ಲ. ನಮ್ಮ ಮನೆಯಲ್ಲಿದ್ದ ಒಂದು ಹಳೇ ಧೋತರವನ್ನು ಒಗೆದು ಒಣಗಿಸಿ, ಒಳಪದರಿಗೆ ಆದೀತೆಂದು ಕೊಟ್ಟು ಬಂದೆವು.