ಏನೂ ಆಗಲಿಲ್ಲವಲ್ಲ!

ಕಳೆದ ಬೇಸಿಗೆ ರಜೆಯಲ್ಲಿ ನಾವು ಕುಟುಂಬ ಸಮೇತ ಕಳಸದಿಂದ ಹೊರಟು ಒಂದು ಕೆರೆಯನ್ನು ನೋಡಲು ಹೋಗಿದ್ದೆವು. ಯಾವ ಕೆರೆ, ಯಾರ ದೋಣಿ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಹೇಳಹೊರಟಿರುವುದು ನನ್ನ ತಪ್ಪನ್ನು. ಅದರಲ್ಲಿ ಇನ್ನೊಬ್ಬರ ಹೆಸರೇಕೆ?

ಸುತ್ತಲೂ ಗುಡ್ಡ, ನಡುವೆ ನಿಶ್ಚಲವಾದ ನೀರು, ನೀರಿನಲ್ಲಿ ತಲೆಕೆಳಗಾಗಿ ಕಾಣುವ ಮರಗಳು. ಎಲ್ಲರೂ ಕೂಡಿ ಹೋಗುವ ದೊಡ್ಡ ದೋಣಿಯೂ ಅಲ್ಲಿತ್ತು. ಆದರೆ ಮನೆಯ ಹೆಂಗಸರಿಗೆ ಅನುಕೂಲವಾಗಲೆಂದು ಒಂದು ಸಣ್ಣ ಮೋಟಾರು ದೋಣಿಯನ್ನು ನಮಗಾಗಿಯೇ ಒಂದು ಗಂಟೆಯ ಬಾಡಿಗೆಗೆ ಗೊತ್ತುಮಾಡಿದೆವು. ದೋಣಿಯ ಪಕ್ಕದಲ್ಲಿ ಹತ್ತು ಜನರಿಗೆ ಮಾತ್ರ ಎಂದು ಬಿಳಿ ಬಣ್ಣದಲ್ಲಿ ಬರೆದಿತ್ತು. ನಾವು ಹದಿಮೂರು ಮಂದಿ.

"ಎರಡು ಸಲ ಹೋಗಿ ಬನ್ನಿ ಸಾರ್. ಹತ್ತಕ್ಕಿಂತ ಜಾಸ್ತಿ ಹತ್ತಿಸೋ ಹಾಗಿಲ್ಲ" ಎಂದ ದೋಣಿಯವನು. ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇವೆ ಎಂದರು ನನ್ನ ಭಾವ. ನಾನು ಜೇಬಿನಿಂದ ಇನ್ನೂರು ರೂಪಾಯಿಯ ನೋಟು ತೆಗೆದು, "ಇದು ನಿಮಗೇ ಇರಲಿ, ಸ್ವಲ್ಪ ಅಡ್ಜಸ್ಟ್ ಮಾಡಿ" ಎಂದೆ. ಅವನು ಒಮ್ಮೆ ನೀರನ್ನು ನೋಡಿದ, ಒಮ್ಮೆ ನೋಟನ್ನು ನೋಡಿದ. ಮತ್ತೆ ಮಾತಾಡದೆ ಹಗ್ಗ ಬಿಚ್ಚಿದ. ಜಾಕೆಟುಗಳು ಹತ್ತೇ ಇದ್ದವು. ಮಕ್ಕಳಿಗೆ ಅವು ಸಡಿಲವಾದವು. ಸೆಖೆಯೆಂದು ದೊಡ್ಡವರೂ ಕಳಚಿಟ್ಟರು. ನಾನು ಮುಂದೆ ಕುಳಿತು, ನಾವೆಯನ್ನೇರುವಾಗ ಪ್ರವಾದಿ ನೂಹ್(ಅ)ರವರು ಹೇಳಿದ ಪ್ರಾರ್ಥನೆಯನ್ನು ಗಟ್ಟಿಯಾಗಿ ಪಠಿಸಿದೆ. ಮಕ್ಕಳೂ ಪಠಿಸಿದರು. ಒಂದು ಗಂಟೆ ಸುತ್ತಾಡಿ, ನಗುನಗುತ್ತಾ ದಡಕ್ಕೆ ಬಂದೆವು. ಏನೂ ಆಗಲಿಲ್ಲ.

ಆ ಏನೂ ಆಗದಿರುವುದರ ಬಗ್ಗೆಯೇ ಈ ಲೇಖನ.

ಮರುವಾರ ಮದರಸದಲ್ಲಿ ಪಾಠ ಬಂದುದು ದೋಣಿಯ ಹದೀಸಿಗೆ. ಬುಖಾರಿಯಲ್ಲಿ ಹ. ನುಅ್‌ಮಾನ್ ಬಿನ್ ಬಶೀರ್(ರ)ರಿಂದ ವರದಿಯಾಗಿರುವ ಪ್ರಸಿದ್ಧ ಉಪಮೆ ಅದು. ಕೆಲವರು ಚೀಟಿ ಎತ್ತಿ ಒಂದು ಹಡಗಿನಲ್ಲಿ ಜಾಗ ಹಂಚಿಕೊಂಡರು. ಕೆಲವರಿಗೆ ಮೇಲಿನ ಅಂತಸ್ತು, ಕೆಲವರಿಗೆ ಕೆಳಗಿನದು. ಕೆಳಗಿನವರು ನೀರಿಗಾಗಿ ಮೇಲಿನವರನ್ನು ಹಾದು ಹೋಗಬೇಕಿತ್ತು. ಅವರಿಗೇಕೆ ತೊಂದರೆ, ನಮ್ಮ ಪಾಲಿನ ಜಾಗದಲ್ಲೇ ಒಂದು ತೂತು ಕೊರೆದುಕೊಳ್ಳೋಣ ಎಂದು ಕೆಳಗಿನವರು ಯೋಚಿಸಿದರು. ಮೇಲಿನವರು ಸುಮ್ಮನಿದ್ದರೆ ಎಲ್ಲರೂ ಮುಳುಗುವರು, ಅವರ ಕೈ ಹಿಡಿದು ತಡೆದರೆ ಎಲ್ಲರೂ ಉಳಿಯುವರು ಎಂಬುದು ಪ್ರವಾದಿವರ್ಯರ(ಸ) ಬೋಧನೆ. ಈ ಹದೀಸನ್ನು ನಾನು ಎಷ್ಟೋ ಬಾರಿ ಕಲಿಸಿದ್ದೇನೆ. ಅಂದು ಮುಂದಿನ ಸಾಲಿನಲ್ಲಿ ನನ್ನ ಅಕ್ಕನ ಮಗ ಕುಳಿತಿದ್ದ. ಹದಿಮೂರು ಮಂದಿಯಲ್ಲಿ ಅವನೂ ಒಬ್ಬ. ಅವನು ಏನೂ ಕೇಳಲಿಲ್ಲ, ನನ್ನ ಮುಖವನ್ನು ನೋಡುತ್ತಿದ್ದ. ನಾನು ಪಾಠವನ್ನು ಬೇಗನೆ ಮುಗಿಸಿದೆ.

ಪ್ರಶ್ನೆ ಇದು: ಒಂದು ಅಜಾಗರೂಕತೆಯಿಂದ ಯಾರಿಗೂ ಯಾವ ಹಾನಿಯೂ ಆಗದಿದ್ದರೆ ಅದು ತಪ್ಪೇ? ಆಗದ ಅನಾಹುತಕ್ಕೆ ಯಾರಾದರೂ ಹೊಣೆಯಾಗಬೇಕೇ?

ಮೊದಲು ನಮ್ಮ ಮಲೆನಾಡಿನ ಅಭ್ಯಾಸವೊಂದನ್ನು ಹೇಳಬೇಕು. ಕಳಸದ ಸುತ್ತಿನ ತೋಟಗಳಿಗೆ ಜೀಪುಗಳಲ್ಲಿ ಓಡಾಡಿದವರಿಗೆ ಗೊತ್ತು, ಜೀಪು ತುಂಬಿತು ಎಂಬ ಮಾತೇ ಇಲ್ಲ. ಹೊಸಬನೊಬ್ಬ ಕೈ ತೋರಿಸಿದರೆ ಒಳಗಿದ್ದವರು ಸ್ವಲ್ಪ ಸರಿದು ಕೂರುತ್ತಾರೆ. ಮಳೆಯಲ್ಲಿ ನಿಂತವನನ್ನು ಬಿಟ್ಟುಹೋಗಲು ಯಾರಿಗೂ ಮನಸ್ಸು ಬಾರದು. ಇದು ಒಳ್ಳೆಯ ಗುಣ. ಸಭೆಗಳಲ್ಲಿ ಇತರರಿಗೆ ಜಾಗ ಮಾಡಿಕೊಡಬೇಕೆಂದು ಪವಿತ್ರ ಕುರ್‌ಆನ್ ಸೂರಃ ಅಲ್‌ಮುಜಾದಲಃದಲ್ಲಿ ಆದೇಶಿಸಿದೆ. ಆದರೆ ಒಂದು ಕಡೆ ಗುಣವಾದುದು ಎಲ್ಲ ಕಡೆಯೂ ಗುಣವಾಗಬೇಕೆಂದಿಲ್ಲ. ಸಭೆಯಲ್ಲಿ ಜಾಗ ಕೊಡುವವನು ತನ್ನ ಸುಖವನ್ನು ಕೊಡುತ್ತಾನೆ. ದೋಣಿಯಲ್ಲಿ ಹನ್ನೊಂದನೆಯವನಿಗೆ ಜಾಗ ಕೊಡುವವನು ಉಳಿದವರ ಜೀವವನ್ನು ಪಣಕ್ಕಿಡುತ್ತಾನೆ.

ಏಕೆಂದರೆ ನೀರು ಆಸನಗಳನ್ನು ಎಣಿಸುವುದಿಲ್ಲ, ಭಾರವನ್ನು ಮಾತ್ರ ಎಣಿಸುತ್ತದೆ. ತೇಲುವ ದೋಣಿ ತನ್ನ ಒಟ್ಟು ಭಾರಕ್ಕೆ ಸಮನಾದ ನೀರನ್ನು ಸರಿಸಲೇಬೇಕು. ನೂರು ಕಿಲೋ ಹೆಚ್ಚಾದರೆ ನೂರು ಲೀಟರ್ ನೀರು ಹೆಚ್ಚಾಗಿ ಸರಿಯಬೇಕು, ಅದಕ್ಕೆ ತಕ್ಕಷ್ಟು ದೋಣಿ ಕೆಳಗಿಳಿಯಬೇಕು. ನೀರಿಗೂ ದೋಣಿಯ ಅಂಚಿಗೂ ನಡುವಿನ ಅಂತರ ಅಷ್ಟು ಕಡಿಮೆಯಾಗುತ್ತದೆ. ಮಗು ಬೆಂಚಿನ ಮೇಲೆ ಕುಳಿತರೂ ತೊಡೆಯ ಮೇಲೆ ಕುಳಿತರೂ ಲೆಕ್ಕ ಒಂದೇ. ಅಂಥ ದೋಣಿಯಲ್ಲಿ ನಾಲ್ವರು ಎದ್ದು ನಿಂತು ಒಂದೇ ಪಕ್ಕಕ್ಕೆ ಬಾಗಿದರೆ ಸಾಕು, ಅಂಚು ನೀರನ್ನು ಮುಟ್ಟುತ್ತದೆ. ಆ ಮೇಲೆ ಅಡ್ಜಸ್ಟ್ ಮಾಡಲು ಸಮಯವಿರುವುದಿಲ್ಲ.

ಇದು ಬರಿಯ ಊಹೆಯಲ್ಲ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯ ಸರೋವರದಲ್ಲಿ ಪ್ರವಾಸಿಗರ ಎರಡು ಅಂತಸ್ತಿನ ದೋಣಿ ಮಗುಚಿ 45 ಮಂದಿ ಸತ್ತರು. ದಡದ ಕಾಡುಪ್ರಾಣಿಗಳನ್ನು ನೋಡಲು ಜನ ಒಂದೇ ಪಕ್ಕಕ್ಕೆ ಸರಿದರೆಂದು ಆಗ ವರದಿಯಾಗಿತ್ತು. 2019ರ ಜನವರಿ 21ರಂದು ನಮ್ಮದೇ ಕಾರವಾರದ ಬಳಿ, ಕೂರ್ಮಗಡ ದ್ವೀಪದ ಜಾತ್ರೆಗೆ ಹೋದವರ ದೋಣಿ ಮಗುಚಿ 16 ಮಂದಿ ಪ್ರಾಣ ಕಳೆದುಕೊಂಡರು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ, ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿ ಮಾಡಿದ ವಿಹಾರದ ದೋಣಿ ಕತ್ತಲಾದ ಮೇಲೆ ಮಿತಿಮೀರಿದ ಜನರನ್ನು ಹೊತ್ತು ಹೋಗಿ ಮುಳುಗಿತು. ಸತ್ತವರು 22 ಮಂದಿ; ಹೆಚ್ಚಿನವರು ಮಕ್ಕಳು ಮತ್ತು ಹೆಂಗಸರು. ಒಂದೇ ಮನೆತನದ ಎಷ್ಟೋ ಮಂದಿ ಅದರಲ್ಲಿದ್ದರು. 2024ರ ಜನವರಿ 18ರಂದು ಗುಜರಾತಿನ ವಡೋದರದ ಹರ್ಣಿ ಕೆರೆಯಲ್ಲಿ ಶಾಲೆಯ ಪ್ರವಾಸದ ದೋಣಿ ಮಗುಚಿ 12 ಮಕ್ಕಳೂ ಇಬ್ಬರು ಶಿಕ್ಷಕಿಯರೂ ತೀರಿಕೊಂಡರು.

ತಾನೂರಿನ ಆ ತಾಯಂದಿರು ನಮ್ಮ ಮನೆಯ ಹೆಂಗಸರಂತೆಯೇ ರಜೆಯ ಸಂಜೆಯನ್ನು ಮಕ್ಕಳೊಂದಿಗೆ ಕಳೆಯಲು ಬಂದವರು. ಅಲ್ಲಿ ಮಿತಿಮೀರಿ ಜನರನ್ನು ಹತ್ತಿಸಿದವನನ್ನು ನಾವು ಪಾಪಿ ಎನ್ನುತ್ತೇವೆ. ಹತ್ತರ ದೋಣಿಗೆ ಹದಿಮೂರು ಮಂದಿಯನ್ನು ಹತ್ತಿಸಿದ ನಾನು ಏನು? ನನ್ನ ಕೃತ್ಯಕ್ಕೂ ಅವನ ಕೃತ್ಯಕ್ಕೂ ಅಳತೆಯಲ್ಲಿ ವ್ಯತ್ಯಾಸವಿರಬಹುದು, ಜಾತಿಯಲ್ಲಿ ವ್ಯತ್ಯಾಸವಿಲ್ಲ. ಅಂದು ಗಾಳಿ ಬೀಸಲಿಲ್ಲ, ಮಕ್ಕಳು ಒಂದೇ ಕಡೆಗೆ ಓಡಲಿಲ್ಲ. ಇವೆರಡರಲ್ಲಿ ಯಾವುದೂ ನನ್ನ ಸಾಧನೆಯಲ್ಲ.

ಇಲ್ಲೊಂದು ಆಕ್ಷೇಪವಿದೆ. ಫಲಿತಾಂಶಕ್ಕೆ ಬೆಲೆಯೇ ಇಲ್ಲವೇ? ನ್ಯಾಯಾಲಯವು ಜೀವಹಾನಿಯಾದಾಗ ವಿಧಿಸುವ ಶಿಕ್ಷೆಯನ್ನು ಆಗದಿರುವಾಗ ವಿಧಿಸುವುದಿಲ್ಲ. ಇಸ್ಲಾಮೀ ಧರ್ಮಶಾಸ್ತ್ರದಲ್ಲಿಯೂ ಅಷ್ಟೇ. ಪ್ರಮಾದವಶಾತ್ ಒಬ್ಬನ ಸಾವಿಗೆ ಕಾರಣನಾದವನು ಪರಿಹಾರಧನವನ್ನೂ ಪ್ರಾಯಶ್ಚಿತ್ತವನ್ನೂ ಸಲ್ಲಿಸಬೇಕು. ಯಾರೂ ಸಾಯದಿದ್ದರೆ ಅವೆರಡೂ ಇಲ್ಲ. ಹಾಗಾದರೆ ಹಾನಿಯಾಗದಲ್ಲಿ ತಪ್ಪೂ ಇಲ್ಲವೆಂದಾಯಿತಲ್ಲ?

ನಮ್ಮ ಫಿಕ್ಹ್ ವಿದ್ವಾಂಸರು ಇದಕ್ಕೆ ಬಹಳ ಹಿಂದೆಯೇ ದಾರಿ ತೋರಿಸಿದ್ದಾರೆ. ಅವರು ಎರಡು ಲೆಕ್ಕಗಳನ್ನು ಬೇರ್ಪಡಿಸುತ್ತಾರೆ. ಒಂದು ಕಝಾ, ಅಂದರೆ ನ್ಯಾಯಾಧೀಶನ ಮುಂದಿನ ಲೆಕ್ಕ. ಇನ್ನೊಂದು ದಿಯಾನತ್, ಅಂದರೆ ದಾಸನಿಗೂ ಅಲ್ಲಾಹನಿಗೂ ನಡುವಿನ ಲೆಕ್ಕ. ನ್ಯಾಯಾಧೀಶನು ಹೊರಗೆ ಕಾಣುವುದನ್ನು ಮಾತ್ರ ನೋಡಬಲ್ಲ. ಆಗದ ಸಾವಿಗೆ ಅವನು ಪರಿಹಾರ ಕೊಡಿಸಲಾರ, ಪಡೆಯುವವರೇ ಇಲ್ಲವಲ್ಲ. ಆದರೆ ಎರಡನೆಯ ಲೆಕ್ಕದಲ್ಲಿ ನೋಡಲ್ಪಡುವುದು ಆ ಕ್ಷಣದಲ್ಲಿ ನಾನು ಏನನ್ನು ಬಲ್ಲವನಾಗಿ ಏನನ್ನು ಮಾಡಿದೆ ಎಂಬುದು. ದೋಣಿಯ ಮೇಲಿನ ಬರಹವನ್ನು ನಾನು ಓದಿದ್ದೆ, ದೋಣಿಯವನ ಎಚ್ಚರಿಕೆಯನ್ನು ಕೇಳಿದ್ದೆ, ಜೇಬಿಗೆ ಕೈ ಹಾಕಿದ್ದೂ ನಾನೇ. ಅಷ್ಟರಲ್ಲೇ ಕೃತ್ಯ ಪೂರ್ಣವಾಯಿತು. ದೋಣಿ ಮುಳುಗಿತೇ ತೇಲಿತೇ ಎಂಬುದು ಆ ಮೇಲಿನ ಮಾತು, ಅದು ನನ್ನ ಕೈಯಲ್ಲಿರಲಿಲ್ಲ. ಕೊಲ್ಲುವ ಉದ್ದೇಶ ಕಿಂಚಿತ್ತೂ ಇಲ್ಲದವನಿಗೂ ಸೂರಃ ಅನ್ನಿಸಾದಲ್ಲಿ ಪ್ರಾಯಶ್ಚಿತ್ತವನ್ನು ವಿಧಿಸಲಾಗಿದೆ ಎಂಬುದನ್ನು ಗಮನಿಸಿರಿ. ಉದ್ದೇಶ ಒಳ್ಳೆಯದಾಗಿತ್ತು ಎಂಬ ಒಂದೇ ಮಾತಿನಿಂದ ಅಜಾಗರೂಕತೆ ತೊಳೆದುಹೋಗುವುದಿಲ್ಲ. ಹದೀಸಿನ ಹಡಗಿನ ಕೆಳಗಿನವರ ಉದ್ದೇಶವೂ ಒಳ್ಳೆಯದೇ ಆಗಿತ್ತು. ಮೇಲಿನವರಿಗೆ ತೊಂದರೆಯಾಗಬಾರದೆಂದೇ ಅವರು ತೂತು ಕೊರೆಯಹೊರಟರು.

ಇನ್ನೊಂದು ಆಕ್ಷೇಪ: ದೋಣಿಯವನು ಒಪ್ಪಿದನಲ್ಲ? ಬಾಡಿಗೆ ಕೊಟ್ಟ ಮೇಲೆ ಆ ಒಂದು ಗಂಟೆ ದೋಣಿ ನಮ್ಮದಲ್ಲವೇ? ಫಿಕ್ಹ್ ಗ್ರಂಥಗಳಲ್ಲಿ ಇಜಾರಃ, ಅಂದರೆ ಬಾಡಿಗೆಯ ಅಧ್ಯಾಯವಿದೆ. ಬಾಡಿಗೆಯೆಂದರೆ ವಸ್ತುವನ್ನು ಕೊಳ್ಳುವುದಲ್ಲ, ಅದರ ನಿಗದಿತ ಉಪಯೋಗವನ್ನು ಮಾತ್ರ ಕೊಳ್ಳುವುದು. ಇಂತಿಷ್ಟು ಭಾರಕ್ಕೆಂದು ಪ್ರಾಣಿಯನ್ನು ಬಾಡಿಗೆಗೆ ಪಡೆದು, ಅದಕ್ಕಿಂತ ಹೆಚ್ಚು ಹೇರಿ, ಅದು ಸತ್ತರೆ ಹೇರಿದವನೇ ಹೊಣೆ. ಒಡೆಯನು ಒಪ್ಪಿದರೆ ಪ್ರಾಣಿಯ ಹೊಣೆ ತಪ್ಪಬಹುದು. ಆದರೆ ದೋಣಿಯವನು ಒಪ್ಪಿಗೆ ಕೊಡಬಲ್ಲುದು ತನ್ನ ದೋಣಿಯ ಬಗ್ಗೆ ಮಾತ್ರ. ತೊಡೆಯ ಮೇಲಿದ್ದ ಮಕ್ಕಳ ಜೀವದ ಬಗ್ಗೆ ಒಪ್ಪಿಗೆ ಕೊಡುವ ಅಧಿಕಾರ ಅವನಿಗಿಲ್ಲ. ನನಗೂ ಇಲ್ಲ. ಮಕ್ಕಳು ತಂದೆಯ ಸೊತ್ತಲ್ಲ, ಅವನ ಬಳಿ ಇರುವ ಅಮಾನತ್.

ಆ ಒಪ್ಪಿಗೆಯಾದರೂ ಎಂತಹದು? ಸೂರಃ ಅಲ್‌ಕಹ್ಫ್‌ನಲ್ಲಿ ಒಂದು ದೋಣಿಯ ಕಥೆಯಿದೆ. ಅದು ನೀರಿನಲ್ಲಿ ದುಡಿಯುವ ಬಡವರ ದೋಣಿ. ಒಳ್ಳೆಯ ದೋಣಿಗಳನ್ನೆಲ್ಲ ಬಲಾತ್ಕಾರವಾಗಿ ಕಿತ್ತುಕೊಳ್ಳುವ ಒಬ್ಬ ರಾಜ ಮುಂದಿದ್ದ. ಅವನ ಕೈಯಿಂದ ತಪ್ಪಿಸಲೆಂದೇ ದೋಣಿಗೆ ಸಣ್ಣ ಊನ ಮಾಡಲಾಯಿತು. ನಾವು ಶುಕ್ರವಾರಗಳಲ್ಲಿ ಓದುವ ಸೂರಃ ಅದು. ಓದುವಾಗ ನಾವು ಸದಾ ಬಡವರ ಪಕ್ಷದಲ್ಲಿರುತ್ತೇವೆ. ಅಂದು ಕೆರೆಯ ದಡದಲ್ಲಿ ನಾನು ಯಾರ ಪಕ್ಷದಲ್ಲಿದ್ದೆ? ರಾಜನು ಕತ್ತಿಯಿಂದ ಮಾಡಿದುದನ್ನು ನಾನು ಇನ್ನೂರು ರೂಪಾಯಿಯಿಂದ ಮಾಡಿದೆ. ಬಡವನ ಅಗತ್ಯವನ್ನು ಬಳಸಿ ಅವನ ವಿವೇಕವನ್ನು ಕೊಂಡುಕೊಂಡೆ. ದೋಣಿ ಮುಳುಗಿದ್ದರೆ ಜೈಲಿಗೆ ಹೋಗಬೇಕಾದವನು ಅವನೇ. ಬದುಕಿ ಉಳಿದಿದ್ದರೆ, ಅವನನ್ನು ಬೈಯಲು ನಾನೂ ಸೇರಿಕೊಳ್ಳುತ್ತಿದ್ದೆನೇನೋ.

ಕೊನೆಯ ನೆಪ ಎಲ್ಲಕ್ಕಿಂತ ಅಪಾಯಕಾರಿ, ಏಕೆಂದರೆ ಅದು ಭಕ್ತಿಯ ವೇಷದಲ್ಲಿ ಬರುತ್ತದೆ. ಸಾವು ಬರೆದಿದ್ದರೆ ಹಾಸಿಗೆಯಲ್ಲೂ ಬರುತ್ತದೆ, ಎಲ್ಲ ವಿಧಿ ಎನ್ನುತ್ತಾರೆ. ಸಿರಿಯಾದ ದಾರಿಯಲ್ಲಿ ಪ್ಲೇಗಿನ ಸುದ್ದಿ ಕೇಳಿ ಹಿಂದಿರುಗಲು ನಿರ್ಧರಿಸಿದ ಹ. ಉಮರ್(ರ)ರೊಡನೆ ಹ. ಅಬೂ ಉಬೈದಃ(ರ)ರು ಇದನ್ನೇ ಕೇಳಿದ್ದರು, ಅಲ್ಲಾಹನ ವಿಧಿಯಿಂದ ಓಡಿಹೋಗುವುದೇ ಎಂದು. ಅಲ್ಲಾಹನ ಒಂದು ವಿಧಿಯಿಂದ ಅವನ ಇನ್ನೊಂದು ವಿಧಿಯೆಡೆಗೆ ಹೋಗುತ್ತಿದ್ದೇವೆ ಎಂಬುದು ಉಮರ್(ರ)ರ ಉತ್ತರವಾಗಿತ್ತು. ಒಂಟೆಯನ್ನು ಮೊದಲು ಕಟ್ಟು, ಆ ಮೇಲೆ ಭರವಸೆಯಿಡು ಎಂಬ ಪ್ರವಾದಿವರ್ಯರ(ಸ) ಉಪದೇಶವನ್ನು ತಿಳಿಯದವರಾರು? ನೂಹ್(ಅ)ರು ಪ್ರಾರ್ಥನೆಯೊಂದಿಗೆ ನಾವೆಯನ್ನೇರಿದರು ನಿಜ. ಆದರೆ ಅದಕ್ಕೆ ಮುಂಚೆ ಹಲಗೆಗಳನ್ನು ಜೋಡಿಸಿ ಮೊಳೆಗಳನ್ನು ಹೊಡೆದಿದ್ದರು. ನಾನು ಹಲಗೆ ಮೊಳೆಗಳ ಲೆಕ್ಕವನ್ನು ಮೀರಿ, ಪ್ರಾರ್ಥನೆಯನ್ನು ಮಾತ್ರ ಅವರಿಂದ ಎರವಲು ಪಡೆದೆ.

ಹೀಗೆಂದು ನೀರಿನ ವಿಹಾರವೇ ಬೇಡವೆಂದು ಹೇಳುತ್ತಿಲ್ಲ. ಭೂಮಿಯಲ್ಲಿ ಸಂಚರಿಸಿ ನೋಡಿರೆಂದು ಕುರ್‌ಆನ್ ಕರೆ ನೀಡುತ್ತದೆ, ನೀರ ಮೇಲೆ ಚಲಿಸುವ ನಾವೆಗಳನ್ನು ದೃಷ್ಟಾಂತವಾಗಿ ತೋರಿಸುತ್ತದೆ. ಹೆಂಡತಿ ಮಕ್ಕಳನ್ನು ಸಂತೋಷಪಡಿಸುವುದು ಪುಣ್ಯವೇ. ಆದರೆ ಅಗತ್ಯಗಳಿಗೆ ಶ್ರೇಣಿಯಿದೆ. ಇಮಾಮ್ ಗಝಾಲಿ, ಇಮಾಮ್ ಶಾತಿಬಿ ಮುಂತಾದವರು ಅವುಗಳನ್ನು ಮೂರಾಗಿ ವಿಂಗಡಿಸಿದ್ದಾರೆ: ಅನಿವಾರ್ಯವಾದುದು, ಅನುಕೂಲಕ್ಕೆ ಬೇಕಾದುದು, ಬದುಕನ್ನು ಚೆಂದಗೊಳಿಸುವುದು. ಜೀವರಕ್ಷಣೆ ಮೊದಲನೆಯದರಲ್ಲಿದೆ, ಕೆರೆಯ ವಿಹಾರ ಮೂರನೆಯದರಲ್ಲಿದೆ. ಶರಾವತಿ ಹಿನ್ನೀರಿನ ಜನ 2025ರ ಜುಲೈಯಲ್ಲಿ ಸೇತುವೆ ಆಗುವವರೆಗೆ ದಶಕಗಳ ಕಾಲ ಲಾಂಚಿನಲ್ಲೇ ದಾಟಬೇಕಿತ್ತು. ಅವರಿಗೆ ಬೇರೆ ದಾರಿ ಇರಲಿಲ್ಲ. ನನಗೆ ಬೇರೆ ದಾರಿಯಿತ್ತು. ಎರಡು ಸಲ ಹೋಗಬಹುದಿತ್ತು. ಮೂವರು ದಡದಲ್ಲಿ ಚಹಾ ಕುಡಿಯುತ್ತ ಕೂರಬಹುದಿತ್ತು. ಮೂರನೆಯದಕ್ಕಾಗಿ ಮೊದಲನೆಯದನ್ನು ಪಣಕ್ಕಿಡುವವನು ಸಂತೋಷದ ಬೆಲೆಯನ್ನೇ ಅರಿಯದವನು.

ಭದ್ರೆ ನಮ್ಮೂರ ಪಕ್ಕದಲ್ಲೇ ಹರಿಯುತ್ತಾಳೆ. ಆಷಾಢದಲ್ಲಿ ಹೊಳೆ ಉಕ್ಕಿ ಹೆಬ್ಬಾಳೆಯ ಸೇತುವೆಯ ಮೇಲೆ ನೀರು ಹರಿದಾಗ ಎರಡೂ ಕಡೆ ವಾಹನಗಳು ನಿಲ್ಲುತ್ತವೆ. ನೀರಿಳಿಯುವ ತನಕ ಕಾಯುವುದನ್ನು ಯಾರೂ ಹೇಡಿತನವೆನ್ನುವುದಿಲ್ಲ. ಕೆಂಪು ನೀರಿನ ಮುಂದೆ ನಮಗಿರುವ ಈ ವಿವೇಕ ತಿಳಿನೀರಿನ ಮುಂದೆ ಏಕೆ ಮಾಯವಾಗುತ್ತದೆ? ಚೆಂದವಾಗಿರುವ ನೀರೂ ನೀರೇ ಅಲ್ಲವೇ?

ಸಮುದ್ರದಲ್ಲಿ ಬಿರುಗಾಳಿಗೆ ಸಿಕ್ಕಾಗ ಅಲ್ಲಾಹನನ್ನು ನಿಷ್ಠೆಯಿಂದ ಕರೆದು, ದಡ ಸೇರಿದೊಡನೆ ಮರೆತುಬಿಡುವ ಜನರನ್ನು ಕುರ್‌ಆನ್ ಆಕ್ಷೇಪಿಸಿದೆ. ನಾವು ಬಿರುಗಾಳಿಯನ್ನೇ ಕಾಣದೆ ದಡ ಸೇರಿದೆವು. ಅದಕ್ಕೆ ಇನ್ನೂ ಹೆಚ್ಚು ಕೃತಜ್ಞರಾಗಿರಬೇಕಿತ್ತು. ಏನೂ ಆಗಲಿಲ್ಲವಲ್ಲ ಎಂದು ನಾವು ಹೇಳುವಾಗ ಅವನ ಕರುಣೆಯನ್ನು ನಮ್ಮ ಜಾಣತನದ ಖಾತೆಗೆ ಬರೆದುಕೊಳ್ಳುತ್ತೇವೆ. ಇಂತಹ ಸಂದರ್ಭದಲ್ಲಿ ಕೃತಜ್ಞತೆಯೂ ಪಶ್ಚಾತ್ತಾಪವೂ ಬೇರೆ ಬೇರೆಯಲ್ಲ.

ಆ ಪಾಠವನ್ನು ಮರುದಿನ ನಾನು ಮತ್ತೆ ತೆಗೆದುಕೊಂಡೆ. ಹತ್ತರ ದೋಣಿಯಲ್ಲಿ ಹದಿಮೂರು ಮಂದಿ ಹೋದುದನ್ನು, ನೋಟು ಕೊಟ್ಟುದನ್ನು ಮಕ್ಕಳಿಗೆ ಹೇಳಿದೆ. ಮನೆಯಲ್ಲಿ ಊಟದ ಹೊತ್ತಿಗೆ ಎಲ್ಲರ ಕ್ಷಮೆ ಕೇಳಿದೆ. ದೋಣಿಯವನಿಗೆ ಫೋನ್ ಮಾಡಿದೆ. ಅವನು ನಕ್ಕು, "ಬಿಡಿ ಸಾರ್, ಏನೂ ಆಗ್ಲಿಲ್ವಲ್ಲ" ಎಂದ. ಆ ಮಾತನ್ನು ಅವನಿಗೆ ಕಲಿಸಿದವರು ನನ್ನಂತಹ ಗಿರಾಕಿಗಳೇ. ಇನ್ನು ಮುಂದೆ ಯಾರು ಹಣ ತೋರಿಸಿದರೂ ಹತ್ತಿಸಬೇಡಿ, ನಾನೇ ಬಂದರೂ ಹತ್ತಿಸಬೇಡಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು ಸಾರ್" ಎಂದ.

ಈ ರಜೆಯಲ್ಲಿ ನೀವೂ ಮಕ್ಕಳೊಂದಿಗೆ ನೀರಿನ ಕಡೆಗೆ ಹೋಗುವಿರಿ. ಹತ್ತುವ ಮೊದಲು ತಲೆಗಳನ್ನು ಎಣಿಸಿರಿ. ಮಕ್ಕಳ ಅಳತೆಯ ಜಾಕೆಟ್ ಇಲ್ಲವಾದರೆ ಹತ್ತಬೇಡಿರಿ. ಕತ್ತಲಾದ ಮೇಲೆ ಹೊರಡಬೇಡಿರಿ. ದೋಣಿಯವನು ಬೇಡವೆಂದರೆ ಅವನೊಡನೆ ಚೌಕಾಸಿ ಮಾಡಬೇಡಿರಿ, ಅವನಿಗೆ ಧನ್ಯವಾದ ಹೇಳಿರಿ. ಆ ಬಳಿಕ ಬಿಸ್ಮಿಲ್ಲಾಹ್ ಹೇಳಿ ಕುಳಿತುಕೊಳ್ಳಿರಿ. ಆಗದ ಅನಾಹುತಗಳಿಗಾಗಿ ಅವನನ್ನು ಸ್ತುತಿಸುವ, ಆಗಬಹುದಾಗಿದ್ದ ಅನಾಹುತಗಳಿಗಾಗಿ ಅವನ ಮುಂದೆ ನಾಚುವ ಹೃದಯವನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.