ಕೂಸನ್ನು ಒಪ್ಪಿಸುವ ಧರ್ಮ

ಹೆತ್ತ ಕೂಸನ್ನು ಅನ್ಯರ ಕೈಗೊಪ್ಪಿಸಿ ದುಡಿಮೆಗೆ ಹೊರಡುವ ತಾಯಿಯು ಮಾತೃಧರ್ಮಕ್ಕೆ ಚ್ಯುತಿ ತರುವಳೆ ಎಂಬ ಪ್ರಶ್ನೆಗೆ, ಕೃಷ್ಣೆಯ ದಡದ ಕೊಲ್ಹಾರದಲ್ಲಿರುವವರು ಉತ್ತರವನ್ನು ಬಹುದೂರ ಅರಸಬೇಕಾಗಿಲ್ಲ. ನೆರೆಯ ಬಾಗೇವಾಡಿಯ ಬಸವಣ್ಣನವರ ಬಾಲ್ಯವನ್ನು ಹರಿಹರ ಕವಿಯು ತನ್ನ ರಗಳೆಯಲ್ಲಿ ನಿರೂಪಿಸುವಾಗ, ಮಾತಾಪಿತೃಗಳು ಗತಿಸಿದ ಮೇಲೆ ಆ ಬಾಲಕನು ಮುತ್ತವ್ವೆಯ ಆರೈಕೆಯಲ್ಲಿ ಬೆಳೆದನೆಂದೂ, ಮುಂದೆ ಜನಿವಾರವನ್ನು ತೊರೆದು ಕೂಡಲಸಂಗಮಕ್ಕೆ ಬಂದವನನ್ನು ಅಲ್ಲಿಯ ಈಶಾನ್ಯ ಗುರುಗಳು ವಾತ್ಸಲ್ಯದಿಂದ ಬರಮಾಡಿಕೊಂಡರೆಂದೂ ಹೇಳುತ್ತಾನೆ. ಹೆತ್ತವರಲ್ಲದವರ ಕೈಗಳು ಸಾಕಿದ ಮಗುವನ್ನೇ ನಾವು ಅಣ್ಣನೆಂದು ಪೂಜಿಸುತ್ತಿರುವಾಗ, ಕೂಸನ್ನು ಒಪ್ಪಿಸುವುದೇ ಅಧರ್ಮವೆಂದು ಯಾವ ಬಾಯಿಂದ ಹೇಳೋಣ? ವಿವೇಕವಿಲ್ಲದೆ ಒಪ್ಪಿಸುವುದು ಅಧರ್ಮ. ಒಪ್ಪಿಸಿಕೊಂಡವರನ್ನು ಕೀಳಾಗಿ ಕಾಣುವುದು ಅದಕ್ಕಿಂತಲೂ ಘೋರವಾದ ಅಧರ್ಮ.

ಹಿಂದಿನ ಕಾಲದಲ್ಲಿ, ಓಣಿಯ ಹಿರಿಯ ಹೆಣ್ಣುಮಗಳು ತನ್ನ ಮೊಮ್ಮಗನೊಡನೆ ನೆರೆಮನೆಯ ಕೂಸನ್ನೂ ಕಟ್ಟೆಯ ಮೇಲೆ ಆಡಿಸುತ್ತಿದ್ದಾಗ, ಆಯ್ಕೆಯ ಭಾರವು ತಾಯಿಯ ಮೇಲೆ ಅಷ್ಟಾಗಿ ಬೀಳುತ್ತಿರಲಿಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಕೊಲ್ಹಾರವು ಮುಳುಗಿ ಊರು ಹೊಸ ನೆಲೆಗೆ ಬಂದಿತು. ಊರು ಎದ್ದು ಬಂದಂತೆ ಓಣಿಯ ನೆರೆಹೊರೆಯೂ ಹಾಗೆಯೇ ಎದ್ದು ಬರುವುದೆಂಬ ನಿಯಮವಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳಗಳ ಒಣಭೂಮಿಯ ಹಳ್ಳಿಗಳಿಂದ ಮಹಾರಾಷ್ಟ್ರಕ್ಕೂ ಗೋವೆಗೂ ಗುಳೇ ಹೋಗುವ ದಂಪತಿಗಳಂತೂ, ಕೂಸನ್ನು ಕಬ್ಬಿನ ಗದ್ದೆಗೆ ಒಯ್ಯುವುದೋ ಅಜ್ಜಿಯ ಮಡಿಲಲ್ಲಿ ಬಿಡುವುದೋ ಎಂಬ ಸಂಕಟದಲ್ಲಿಯೇ ಗಾಡಿ ಏರುತ್ತಾರೆ. ಬಡತನವು ಆಯ್ಕೆಯನ್ನು ಸಂಕುಚಿತಗೊಳಿಸುವುದಾದರೂ, ಅದರ ಹೊಣೆಯನ್ನು ಅಳಿಸಿಹಾಕುವುದಿಲ್ಲ.

ಹಾಗಾದರೆ ಯೋಗ್ಯವಾದ ಕೈಯನ್ನು ಗುರುತಿಸುವ ಬಗೆ ಯಾವುದು? ಗೋಡೆಗೆ ಬಳಿದ ಬಣ್ಣವನ್ನೂ ಬಾಗಿಲ ಮೇಲಿನ ಫಲಕವನ್ನೂ ನೋಡಿ ಮರುಳಾಗದೆ, ಮುಂದಾಗಿ ತಿಳಿಸದೆ ನಡುಹಗಲಿನಲ್ಲಿ ಹೋಗಿ ನಿಲ್ಲಬೇಕು. ಅಳುವ ಮಗುವಿನ ಕಡೆಗೆ ಅಲ್ಲಿಯವರು ಎಷ್ಟು ಬೇಗ ತಿರುಗುವರು, ಎಲ್ಲರನ್ನೂ ಹೆಸರು ಹಿಡಿದು ಕರೆಯುವರೋ ಗದರಿಸಿ ಕೂರಿಸುವರೋ, ಒಬ್ಬರ ಪಾಲಿಗೆ ಎಷ್ಟು ಮಕ್ಕಳು, ಕುಡಿಯುವ ನೀರಿನ ಮುಚ್ಚಳ ಹೇಗಿದೆ, ಊಟದ ಪಂಕ್ತಿಯಲ್ಲಿ ಜಾತಿಯ ನೆರಳು ಬಿದ್ದಿದೆಯೆ, ತಾಯಿ ಬಂದಾಗ ಬಾಗಿಲು ತಡೆಯಿಲ್ಲದೆ ತೆರೆಯುವುದೆ ಎಂಬಿವನ್ನು ಕಣ್ಣಾರೆ ಕಂಡು ನಿರ್ಣಯಿಸಬೇಕು. ಎಲ್ಲಕ್ಕೂ ಮಿಗಿಲಾದುದು ಸ್ಥಿರತೆ. ಮಣ್ಣಿನ ಗಡಿಗೆಯ ಮೊಸರಿಗೆ ಹೆಸರಾದ ಕೊಲ್ಹಾರದ ಹೆಣ್ಣುಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ಹದವಾದ ಬಿಸಿಯಲ್ಲಿ ಹೆಪ್ಪು ಹಾಕಿದ ಹಾಲನ್ನು ಅತ್ತಿತ್ತ ಅಲುಗಿಸಿದರೆ ಅದು ಗಟ್ಟಿಗೊಳ್ಳದು. ಮೊದಲ ಮೂರು ವರ್ಷಗಳಲ್ಲಿ ಸಾಕುವ ಕೈ ಮೇಲಿಂದ ಮೇಲೆ ಬದಲಾಗುತ್ತಿದ್ದರೆ ಎಳೆಯ ಚಿತ್ತದಲ್ಲಿ ವಿಶ್ವಾಸವೂ ಹೆಪ್ಪುಗಟ್ಟದು.

ಸಮಾಜವೂ ಕೂಸನ್ನು ನೋಡಿಕೊಳ್ಳುವ ಈ ಹೊಣೆಯನ್ನು ತಡವಾಗಿಯಾದರೂ ಒಪ್ಪಿಕೊಂಡಿದೆ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಫಲವಾಗಿ ಹಳ್ಳಿಹಳ್ಳಿಗೂ ಅಂಗನವಾಡಿ ಬಂದಿತು. 2005ರ ಉದ್ಯೋಗ ಖಾತರಿ ಕಾಯಿದೆಯು, ಕೆಲಸದ ಸ್ಥಳಕ್ಕೆ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದಲ್ಲಿ ಅವರನ್ನು ನೋಡಿಕೊಳ್ಳಲು ಒಬ್ಬ ಹೆಣ್ಣುಮಗಳನ್ನು ನೇಮಿಸಿ ಅವಳಿಗೂ ಕೂಲಿಯನ್ನು ಕೊಡತಕ್ಕದ್ದೆಂದು ವಿಧಿಸಿತು. ಈಚೆಗೆ ಕರ್ನಾಟಕವು ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳೆಂಬ ಶಿಶುಪಾಲನಾ ಕೇಂದ್ರಗಳನ್ನು ತೆರೆಯತೊಡಗಿತು. ಮಣ್ಣು ಹೊರುವವಳಿಗೆ ಕೂಲಿ ಸಲ್ಲುವಂತೆ ಕೂಸನ್ನು ಹೊರುವವಳಿಗೂ ಸಲ್ಲಬೇಕೆಂಬ ಕಾಯಿದೆಯ ಆ ವಿಧಿಯಲ್ಲಿ, ಎಲ್ಲ ಕಾಯಕವೂ ಸಮಾನವೆಂಬ ಶರಣರ ತತ್ತ್ವವೇ ಶಾಸನದ ರೂಪವನ್ನು ತಾಳಿದಂತಿದೆ. ಆದರೂ ಅಂಗನವಾಡಿಯ ಕಾರ್ಯಕರ್ತೆಗೆ ಇಂದಿಗೂ ದೊರೆಯುವುದು ವೇತನವಲ್ಲ, ಗೌರವಧನ. ನಮ್ಮ ಸಂತತಿಯ ಬುದ್ಧಿ, ಭಾಷೆ, ಸ್ವಭಾವಗಳಿಗೆ ಅಡಿಪಾಯ ಹಾಕುವವಳನ್ನು ‘ಕೂಸು ನೋಡುವಾಕೆ’ಯೆಂದು ಹಗುರವಾಗಿ ಕರೆಯುವ ನಾಲಿಗೆಯೇ ಕಾಯಕವನ್ನು ಕೈಲಾಸವೆಂದು ಕೊಂಡಾಡುವುದೆಂಬುದು ದುಃಖಕರವಾದ ವಿರೋಧಾಭಾಸ.

ಅವಮಾನದ ನಡುವೆ ದುಡಿಯುವವಳಿಂದ ಅಖಂಡವಾದ ವಾತ್ಸಲ್ಯವನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಆಕೆಗೆ ಸಲ್ಲುವ ಮನ್ನಣೆಯಲ್ಲಿ ಕಡಿತವಾದುದು ಕಡೆಗೆ ಮಗುವಿನ ಪಾಲಿನಿಂದಲೇ ಕಡಿತವಾಗುವುದು. ಆದುದರಿಂದ ಆಯ್ಕೆಯು ಬಾಗಿಲಲ್ಲಿ ಮಗುವನ್ನು ಬಿಟ್ಟ ಗಳಿಗೆಗೆ ಮುಗಿಯುವಂಥದಲ್ಲ. ಸಂಜೆ ಮಗುವಿನ ಮುಖವನ್ನು ಓದುವುದು, ಸಾಕುವಾಕೆಯೊಡನೆ ಕುಳಿತು ಮಾತನಾಡುವುದು, ತಪ್ಪು ಕಂಡಲ್ಲಿ ಅಂಜದೆ ಕೇಳುವುದು, ಆಕೆಯ ಕೂಲಿಗಾಗಿ ಊರಿನ ಸಭೆಯಲ್ಲಿ ದನಿಯೆತ್ತುವುದು – ಇವೆಲ್ಲವೂ ಸೇರಿದಾಗಲೇ ಒಪ್ಪಿಸುವಿಕೆಯು ಧರ್ಮವೆನಿಸುತ್ತದೆ. ಇದರಲ್ಲಿ ತಂದೆಯ ಪಾಲು ತಾಯಿಯ ಪಾಲಿಗಿಂತ ಒಂದು ಎಳ್ಳಿನಷ್ಟೂ ಕಡಿಮೆಯಲ್ಲ.